ಮುಖ ಕಳೆದುಕೊಂಡ ಜಪಾನಿ ಯೋಧ

ಭೀಮಕ್ಕ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಬೆಳಿಗ್ಗೆ ಹತ್ತೂವರೆ. ಕೂರು ಅಂದರೂ ಕೂರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಅಂಚು ಹಿಡಿದು ನಿಂತಳು.

"ಮಂಗಳಕ್ಕಾ, ನನ್ನ ಮೊಮ್ಮಗನ ಗೊಂಬೆನ ನಾನೇ ಹಾಳು ಮಾಡ್ದೆ ಅಂತವ್ರೆ."

ಮಂಗಳಕ್ಕ ಹೊಲಿಗೆ ಮಿಷನ್ ನಿಲ್ಲಿಸಿದರು. ತಿಪಟೂರಿನ ಸ್ಟೇಷನ್ ರಸ್ತೆಯಲ್ಲಿ ಅವರ ಲೇಡೀಸ್ ಟೈಲರ್ಸ್ ಹಲಗೆ ತೂಗಲು ಶುರುವಾಗಿ ಇಪ್ಪತ್ತೆಂಟು ವರ್ಷವಾಯಿತು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಲು ಅಂಜುವವರು ನಮ್ಮ ಮೆಟ್ಟಿಲು ಹತ್ತುತ್ತಾರೆ. ಕಳೆದುಹೋದ ಸರ, ಹೆಸರಿಲ್ಲದ ಕಾಗದ, ಬಾವಿಗೆ ಬಿದ್ದ ಪಂಪು ಹೀಗೆ ಎಷ್ಟೋ ಗಂಟುಗಳನ್ನು ಅವರು ರವಿಕೆ ಹೊಲಿಯುತ್ತಲೇ ಬಿಚ್ಚಿದ್ದಾರೆ. ನಾನು ಕೋಮಲಾ, ಹುಳಿಯಾರು ಕಡೆಯ ಹಟ್ಟಿಯವಳು. ಐದು ವರ್ಷದಿಂದ ಅವರ ಹತ್ತಿರ ಕಾಜಾ ಹೊಲಿಯುತ್ತಾ, ಹುಕ್ಕು ಹಾಕುತ್ತಾ ಇದ್ದೇನೆ. "ನಿನ್ನ ಕೈ ಇಲ್ಲಿ, ತಲೆ ಏಳು ಸಮುದ್ರದ ಆಚೆ" ಅಂತ ಅವರು ದಿನಕ್ಕೊಮ್ಮೆ ಬೈಯುತ್ತಾರೆ. ನಮ್ಮಜ್ಜಿ ಕತೆ ಹೇಳದೆ ನನಗೆ ಒಂದು ತುತ್ತನ್ನೂ ಉಣಿಸಿದವಳಲ್ಲ. ಅದಕ್ಕೆ ನಾನೇನು ಮಾಡಲಿ.

ಆ ಗೊಂಬೆಯ ಕತೆ ನನಗೆ ಮೊದಲೇ ಗೊತ್ತಿತ್ತು. ಮೂರು ವರ್ಷದ ಹಿಂದೆ ತೆಂಗಿನ ಕರಟದಿಂದ ಇದ್ದಿಲು ಮಾಡುವ ಕಾರ್ಖಾನೆಗೆ ಹೊಸ ಕುಲುಮೆ ಕೂರಿಸಲು ಜಪಾನಿನಿಂದ ಕಿತಮುರ ಅನ್ನುವ ಎಂಜಿನಿಯರ್ ಬಂದಿದ್ದರು. ಕೊಬ್ಬರಿ ಮಂಡಿಯ ನಂಜುಂಡಪ್ಪನವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದರು. ಅವರಿಗೆ ಅಡಿಗೆ ಮಾಡಿ ಹಾಕಿದವಳು ಭೀಮಕ್ಕ. ಅವಳ ಮಗಳು ಗಂಡು ಹೆತ್ತಾಗ ಆತ ತಮ್ಮ ದೇಶದಿಂದ ಒಂದು ಪೆಟ್ಟಿಗೆ ತರಿಸಿದರು. ಒಳಗೆ ಒಂದು ಮೊಳದೆತ್ತರದ ಯೋಧ. ಅರಗಿನ ಮೆರುಗು ಕೊಟ್ಟ ರಟ್ಟಿನ ಸಣ್ಣ ಸಣ್ಣ ಬಿಲ್ಲೆಗಳನ್ನು ರೇಷ್ಮೆ ಹುರಿಯಲ್ಲಿ ಸಾಲು ಸಾಲಾಗಿ ಹೆಣೆದ ಕವಚ, ಹಿತ್ತಾಳೆಯ ಎರಡು ಕೊಂಬು ಎದ್ದ ಶಿರಸ್ತ್ರಾಣ, ಕೈಯಲ್ಲಿ ಬೀಸಣಿಗೆ. ಕಿತಮುರ ಹುಟ್ಟಿದಾಗ ಅವರ ತಾತ ತಾವೇ ಮಾಡಿದ ಗೊಂಬೆಯಂತೆ. ಮಗುವಿಗೆ ಬರುವ ಕೇಡನ್ನು ಅದು ತನ್ನ ಮೇಲೆ ಹಾಕಿಕೊಳ್ಳುತ್ತದೆ ಎಂದು ಅವರಲ್ಲಿ ನಂಬಿಕೆ. ತಮಗೆ ಮಕ್ಕಳಿಲ್ಲ, ಇದು ಪುಟ್ಟ ಜುಂಜನಿಗೆ ಇರಲಿ ಎಂದು ಕೊಟ್ಟರು.

ಕೊಟ್ಟದ್ದು ಭೀಮಕ್ಕನಿಗೆ, ಇಟ್ಟುಕೊಂಡದ್ದು ನಂಜುಂಡಪ್ಪನವರು. "ನಿಮ್ಮ ಗುಡ್ಲಾಗೆ ಇಲಿ ಕಡೀತವೆ ಕಣೇ, ನಮ್ಮ ಗಾಜಿನ ಬೀರುವಲ್ಲಿರ್ಲಿ" ಅಂದರಂತೆ. ವರ್ಷ ಕಳೆಯುವುದರೊಳಗೆ ಬಂದವರಿಗೆಲ್ಲ "ಜಪಾನಿನೋರು ನನಗೆ ಕೊಟ್ಟಿದ್ದು" ಎಂದು ತೋರಿಸತೊಡಗಿದರು. ಇದನ್ನು ಕೇಳಿದಾಗಲೇ ನನಗೆ ಮೈ ಉರಿದಿತ್ತು.

"ಈಗ ಏನಾಯ್ತು, ಮೊದಲಿಂದ ಹೇಳು," ಅಂದರು ಮಂಗಳಕ್ಕ.

"ಕಿತಮೂರಪ್ಪ ಇವತ್ತು ನಾಕು ಗಂಟೆಗೆ ಬತ್ತಾರೆ. ಅವ್ರು ಬಂದಾಗ ಗೊಂಬೆ ನನ್ನ ಮೊಮ್ಮಗನ ಮುಂದೆ ಇರ್ಲಿ ಅಂತ ಮೊನ್ನೆ ಗುರುವಾರ ಕೇಳಕ್ಕೆ ಹೋದೆ. ಯಜಮಾನ್ರು ಕೊಡಲ್ಲ ಅಂದ್ರು. ಆಗ ಗಾಜಿನಾಚೆಯಿಂದ್ಲೇ ನೋಡ್ದೆ. 'ಇದ್ಯಾಕ್ರಮ್ಮ, ಮುಖದ ಕಳೆನೇ ಹೋಗೈತೆ' ಅಂದೆ. ಯಜಮಾನ್ರು, ಅಮ್ಮಾವ್ರು, ಅವರ ಅಳಿಯ ಮೂರೂ ಜನ ಕೇಳಿಸ್ಕಂಡ್ರು. ನೆನ್ನೆ ಅಮ್ಮಾವ್ರು ಚಕ್ಕಲಿ ಸುಡಕ್ಕೆ ಕರೆಸಿದ್ರು. ಹಜಾರ ಗುಡಿಸಿ ಬಂದೆ. ಇವತ್ತು ಬೆಳಿಗ್ಗೆ ಯಜಮಾನ್ರು ನೋಡಿದ್ರೆ ಗೊಂಬೆಗೆ ಮುಖನೇ ಇಲ್ವಂತೆ. ಕೊಡ್ಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ಕೆರೆದು ಹಾಕಿದಾಳೆ ಅಂತ ಬೀದೀಲಿ ನಿಂತ್ಕಂಡು ಕೂಗಿದ್ರು."

"ಕೂಗಿದ್ರೆ ಕೂಗ್ಲಿ ಬುಡು," ಅಂದರು ಮಂಗಳಕ್ಕ.

"ಬುಡಕ್ಕೆ ಅದೊಂದೇ ಆಗಿದ್ರೆ ಬುಡ್ತಿದ್ದೆ ಕಣಕ್ಕಾ. ಹಾಸ್ಟೆಲ್ಲಿನ ಅಡಿಗೆ ಕೆಲಸ ಸೋಮವಾರದಿಂದ ನಂಗೆ ಅಂತ ಆಗಿತ್ತು. ಯಜಮಾನ್ರು ವಾರ್ಡನ್ನಿಗೆ ಫೋನ್ ಮಾಡಿ, ಅವಳ ಕೈ ಒಳ್ಳೇದಲ್ಲ, ಮಕ್ಕಳ ಅನ್ನಕ್ಕೆ ಏನು ಹಾಕ್ತಾಳೋ ಅಂದವ್ರೆ. ವಾರ್ಡನ್ನು ಬರಬ್ಯಾಡ ಅಂದ್ರು."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಮಂಗಳಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡೇ ಎದ್ದರು.

"ಕೋಮಲಾ, ಬಾಗಿಲು ಹಾಕು. ಭೀಮಕ್ಕ, ಗೊಂಬೆ ಕೊಟ್ಟ ದಿನದ ಫೋಟೋ ಏನಾದ್ರೂ ಇದೆಯಾ?"

ನಂಜುಂಡಪ್ಪನವರ ಅಳಿಯ ಅಂದು ತೆಗೆದು ಅವಳ ಫೋನಿಗೆ ಕಳಿಸಿದ್ದ ಫೋಟೋ ಇತ್ತು. ತೊಟ್ಟಿಲಲ್ಲಿ ಮಗು, ಪಕ್ಕದಲ್ಲಿ ನಮ್ಮ ಕಡೆಗೆ ಮುಖ ಮಾಡಿ ಕೂತ ಯೋಧ. ಮುಖ ಹಾಲಿನಂತೆ ಬೆಳ್ಳಗೆ, ಕಣ್ಣು ಎರಡು ಹನಿ ನೀರಿನಂತೆ ಹೊಳೆಯುತ್ತಿತ್ತು.

"ಕಣ್ಣು ಗಾಜಿಂದು," ಅಂದಳು ಭೀಮಕ್ಕ. "ಮುಖಕ್ಕೆ ಬಳಿದಿರೋದು ಸಮುದ್ರದ ಚಿಪ್ಪಿನ ಪುಡಿಯಂತೆ. ಒದ್ದೆ ಕೈ ತಾಗಿಸ್ಬೇಡಿ, ಕರಗೋಯ್ತದೆ ಅಂತ ಕಿತಮೂರಪ್ಪ ಹೇಳಿದ್ರು. ಅಳಿಯಂದ್ರು ಸೂರ್ಯಪ್ರಕಾಶಪ್ಪ ಕನ್ನಡದಲ್ಲಿ ಬಿಡಿಸಿ ಹೇಳಿದ್ರು. ಅಲ್ಲಿ ಕೆಲಸಕ್ಕಿದ್ದ ಒಂದೂವರೆ ವರ್ಷನೂ ನಾನು ಕೋಳಿಪುಕ್ಕದಲ್ಲೇ ಧೂಳು ಹೊಡೀತಿದ್ದೆ."

"ಬೆನ್ನ ಕಡೆನೂ?"

"ಬೆನ್ನ ಕಡೆನೇ ಜಾಸ್ತಿ. ಅಲ್ಲಿ ಕೆಂಪು ರೇಷ್ಮೆ ಹುರಿದು ಇಷ್ಟು ದೊಡ್ಡ ಗಂಟು ಐತೆ, ಚಿಟ್ಟೆ ರೆಕ್ಕೆ ಬಿಚ್ಚಿದಂಗೆ, ಕೆಳಗೆ ಎರಡು ಕುಚ್ಚು. ಧೂಳೆಲ್ಲ ಅಲ್ಲೇ ಕೂರೋದು."

ನಂಜುಂಡಪ್ಪನವರ ಮನೆಗೆ ಹೋದಾಗ ನಮ್ಮನ್ನು ಒಳಗೆ ಕರೆದದ್ದು ಅವರ ಅಳಿಯ ಸೂರ್ಯಪ್ರಕಾಶ್. ಇದ್ದಿಲಿನ ಕಾರ್ಖಾನೆಯಲ್ಲಿ ಆತ ಡೆಪ್ಯುಟಿ ಮ್ಯಾನೇಜರ್. ಮನೆ ಅಳಿಯ, ಮೆತ್ತನೆಯ ಮಾತು. ಅವರು ಆಗಲೇ ಗೊಂಬೆಯನ್ನು ಹಳೇ ಪಂಚೆಯಲ್ಲಿ ಸುತ್ತುತ್ತಿದ್ದರು.

"ಎಲ್ಲಿಗೆ ಪ್ರಯಾಣ?" ಕೇಳಿದರು ಮಂಗಳಕ್ಕ.

"ಕೆರೆಗೆ ಬಿಟ್ಟು ಬರೋಣ ಅಂತ, ಮೇಡಂ. ಮುಖ ಹೋದ ವಿಗ್ರಹ ಮನೇಲಿ ಇಟ್ಕೋಬಾರದಲ್ಲ."

"ನಮ್ಮ ಅಳಿಯಂದ್ರೇ ನೆನಪು ಮಾಡಿದ್ರು," ಅಂದರು ನಂಜುಂಡಪ್ಪನವರ ಹೆಂಡತಿ ಶಿವರುದ್ರಮ್ಮ. "ನಂಗಂತೂ ಅದು ಹೋದ್ರೆ ಸಾಕು. ಆ ಕಣ್ಣು ನೋಡಿದ್ರೆ ಎದೆ ಧಸಕ್ ಅಂತಿತ್ತು. ನಾನು ಆ ಬೀರು ಕಡೆ ತಲೆ ಎತ್ತಿದೋಳೇ ಅಲ್ಲ."

ನಂಜುಂಡಪ್ಪನವರು ಉಯ್ಯಾಲೆಯಿಂದ ಏಳದೆ, "ಟೈಲರಮ್ಮನಿಗೆ ನಮ್ಮನೇಲಿ ಏನು ಕೆಲಸ?" ಅಂದರು. ಹಿಂದೆ ಬಾಗಿಲ ಬಳಿ ನಿಂತ ಭೀಮಕ್ಕನನ್ನು ನೋಡಿ ದನಿ ಏರಿಸಿದರು. "ಇವಳನ್ನ ಯಾಕೆ ಕರ್ಕೊಂಡು ಬಂದ್ರಿ? ಹೊಸಿಲು ದಾಟಕೂಡದು ಅಂದಿದೀನಿ."

"ದಾಟಿಲ್ಲ. ನಾನು ದಾಟಿದೀನಿ," ಅಂದರು ಮಂಗಳಕ್ಕ. "ಸಂಜೆ ಆ ಜಪಾನಿನೋರು ಬಂದು ಗೊಂಬೆ ಎಲ್ಲಿ ಅಂದ್ರೆ ಏನು ತೋರಿಸ್ತೀರಾ? ಕೆರೆನಾ?"

ನಂಜುಂಡಪ್ಪನವರು ಆ ಬಗ್ಗೆ ಯೋಚಿಸಿರಲಿಲ್ಲ. ಅಳಿಯನ ಮುಖ ನೋಡಿದರು. ಸೂರ್ಯಪ್ರಕಾಶ್ ನಿಟ್ಟುಸಿರು ಬಿಟ್ಟು ಹೇಳಿದರು: "ಮಾವ, ಆಕೆ ಬೇಕಂತ ಮಾಡಿರಲ್ಲ. ಪಾಪ, ಒದ್ದೆ ಬಟ್ಟೇಲಿ ಒರೆಸಿಬಿಟ್ಟಿದಾಳೆ. ಚಿಪ್ಪಿನ ಬಣ್ಣ, ಕರಗಿಹೋಗಿದೆ. ಒಂದು ಮಾತು ತಪ್ಪಾಯ್ತು ಅಂದ್ರೆ ಕ್ಷಮಿಸಿಬಿಡೋಣ. ಕಿತಮುರ ಅವರಿಗೆ ನಾನೇ ವಿವರಿಸ್ತೀನಿ."

ಆ ಕ್ಷಮೆ ನಂಜುಂಡಪ್ಪನವರ ಬೈಗುಳಕ್ಕಿಂತ ನನ್ನನ್ನು ಚುಚ್ಚಿತು. ಮಾಡದ ತಪ್ಪಿಗೆ ಕ್ಷಮೆ ಕೊಡುವವನ ಮುಂದೆ ಏನು ಹೇಳಿದರೂ ಸೊಕ್ಕು ಅನ್ನಿಸಿಕೊಳ್ಳುತ್ತದೆ.

"ನಾನು ಒರೆಸಿಲ್ಲ," ಅಂದಳು ಭೀಮಕ್ಕ ಹೊಸಿಲಿನಾಚೆಯಿಂದ. ಅಷ್ಟೇ.

ಮಂಗಳಕ್ಕ ಪಂಚೆ ಬಿಚ್ಚಿಸಿದರು. ಶಿರಸ್ತ್ರಾಣದ ಕೆಳಗೆ ಮುಖ ಇರಬೇಕಾದ ಕಡೆ ಮೊಟ್ಟೆಯಂಥ ಬೋಳು ಮರ. ಅದರ ಮೇಲೆ ಅಡ್ಡಡ್ಡ ಸಣ್ಣ ಗೀರುಗಳು. ಕಿವಿಯ ಹಿಂದೆ, ಕೊರಳಲ್ಲಿ ಮಾತ್ರ ಬಿಳಿ ಬಣ್ಣ ಉಳಿದಿತ್ತು. ಅವರು ಬೆರಳು ಒದ್ದೆ ಮಾಡಿಕೊಂಡು ಕಿವಿಯ ಹಿಂದೆ ಉಜ್ಜಿದರು, ಬೆರಳನ್ನು ನೋಡಿಕೊಂಡರು, ಸೆರಗಿಗೆ ಒರೆಸಿಕೊಂಡರು. ಗೊಂಬೆಯನ್ನು ಬೋರಲು ಹಾಕಿ ಬೆನ್ನು ನೋಡಿದರು. ಕಪ್ಪು ಬಟ್ಟೆ, ನೇರ ಹೊಲಿಗೆ. ಬೀರುವಿನ ತಳದಿಂದ ಏನನ್ನೋ ಚಿಮುಟಿ ಎತ್ತಿ ನನ್ನ ಕೈಗೆ ಕೊಟ್ಟರು. ತೆಂಗಿನ ನಾರಿನ ಎರಡು ಎಳೆ. ತಿಪಟೂರಲ್ಲಿ ನಾರು ಎಲ್ಲಿಲ್ಲ ಹೇಳಿ. ನಾನು ಅದನ್ನು ಕೊಡವಿ ಹಾಕಲು ಹೊರಟಿದ್ದೆ. "ಇಟ್ಕೋ" ಅಂದರು.

"ಈ ಗೊಂಬೆ ಬೀರುವಿಂದ ಆಚೆ ಹೋಗಿದ್ದುಂಟಾ?"

"ಯುಗಾದಿ ಹೊತ್ತಲ್ಲಿ ಮನೆಗೆ ಬಣ್ಣ ಹೊಡೆಸಿದ್ವಿ," ಅಂದರು ಶಿವರುದ್ರಮ್ಮ. "ಆಗ ಅದರ ಪೆಟ್ಟಿಗೇಲಿ ಹಾಕಿ ಅಟ್ಟದ ಮೇಲೆ, ಕೊಬ್ಬರಿಗೆ ಹಾಕಿದ ಕಾಯಿ ಪಕ್ಕ ಇಟ್ಟಿದ್ವಿ. ಅಲ್ಲೇ ಮರೆತಿದ್ವಿ ಅನ್ನಿ. ಕಿತಮುರ ಬತ್ತಾರೆ ಅಂತ ಗೊತ್ತಾದ್ಮೇಲೆ ನಮ್ಮ ಯಜಮಾನ್ರೇ ಇಳಿಸಿ, ತಾವೇ ಬೀರುವಲ್ಲಿ ಕೂರಿಸಿದ್ರು."

"ಬತ್ತಾರೆ ಅಂತ ಗೊತ್ತಾಗಿದ್ದು ಯಾವಾಗ?"

"ಹೋದ ಶುಕ್ರವಾರ. ಇವತ್ತಿಗೆ ಎಂಟು ದಿನ. ಅಳಿಯಂದ್ರು ಬಂದು ಹೇಳಿದ್ರು."

"ಬೀರು ಬೀಗದ ಕೈ?"

"ಅಲ್ಲೇ ಮೊಳೆಗೆ ತೂಗುತ್ತಲ್ಲ. ಮನೇವ್ರಿಗೆಲ್ಲ ಗೊತ್ತು, ಇವಳಿಗೂ ಗೊತ್ತು."

ಮಂಗಳಕ್ಕ ತಲೆಯಾಡಿಸಿದರು. "ಇದನ್ನ ನಾಕು ಗಂಟೆವರೆಗೆ ನಾನು ಇಟ್ಕೋತೀನಿ. ಬಟ್ಟೆ ಹರಿದಿದೆ, ಅಷ್ಟಾದ್ರೂ ಸರಿ ಮಾಡಿ ತರ್ತೀನಿ."

ಬಟ್ಟೆ ಎಲ್ಲೂ ಹರಿದಿರಲಿಲ್ಲ. ಸೂರ್ಯಪ್ರಕಾಶ್ "ಬೇಡ ಮೇಡಂ, ನಿಮಗ್ಯಾಕೆ ತೊಂದರೆ" ಅಂದರು. ಆದರೆ ನಂಜುಂಡಪ್ಪನವರಿಗೆ ಸಂಜೆಗೆ ತೋರಿಸಲು ಏನಾದರೂ ಬೇಕಿತ್ತು. "ಒಯ್ಯಿರಿ, ಒಯ್ಯಿರಿ" ಅಂದುಬಿಟ್ಟರು.

ಅಂಗಡಿಗೆ ಬಂದು ಮಂಗಳಕ್ಕ ಬೆನ್ನಿನ ಹೊಲಿಗೆ ಬಿಚ್ಚಿದರು. ಒಳಗೆ ಬಿಗಿಯಾಗಿ ತುರುಕಿದ್ದು ತೆಂಗಿನ ನಾರು. ಹೊಟ್ಟೆಯ ನಡುವೆ ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಹೊರಗೆಳೆದರೆ ಬಿಳಿ ದಾರ ಸುತ್ತಿದ ಅರಿಸಿನದ ಕೊಂಬು.

ಅಜ್ಜಿಯ ಕತೆಯಲ್ಲಿ ರಾಕ್ಷಸನ ಜೀವ ಏಳು ಬೆಟ್ಟದಾಚೆಯ ಗಿಣಿಯ ಹೊಟ್ಟೆಯಲ್ಲಿ ಇರುತ್ತಿತ್ತು. "ಮಾಟ ಏನಕ್ಕಾ?" ಅಂದೆ ಮೆಲ್ಲಗೆ.

"ನಿನ್ನ ತಲೆ. ಮೂರ್ತಿನ ಬರಿಹೊಟ್ಟೇಲಿ ಬಿಡಬಾರದು ಅನ್ನೋರ ಕೆಲಸ ಇದು. ಸೋಮನ ಕುಣಿತಕ್ಕೆ ಮುಖವಾಡ ಮಾಡ್ತಾರಲ್ಲ ರೇವಣಸಿದ್ದಯ್ಯ, ಕಿಬ್ಬನಹಳ್ಳಿ ಹತ್ರ. ಅವರ ಮನೆತನದಲ್ಲಿ ಮಾತ್ರ ಹೀಗೆ ಕೊಂಬು ಕಟ್ಟಿ ಒಳಗಿಡೋದು. ಅವರ ಸೊಸೆಗೆ ರವಿಕೆ ಹೊಲಿದವಳು ನಾನು, ಎಲ್ಲ ಹೇಳಿದಾಳೆ. ಬಾ, ಬಸ್ಸಿದೆ."

ಕಿಬ್ಬನಹಳ್ಳಿಯಲ್ಲಿ ಇಳಿದು ತೋಟದ ದಾರಿಯಲ್ಲಿ ನಡೆದು ಹೋದೆವು. ರೇವಣಸಿದ್ದಯ್ಯ ಮನೆಯಲ್ಲಿ ಇರಲಿಲ್ಲ, ಮರ ನೋಡಲು ಹಾಲ್ಕುರಿಕೆಗೆ ಹೋಗಿದ್ದರು. ಜಗುಲಿಯ ಗೋಡೆಗೆ ಕೆಂಪು, ಹಳದಿಯ ದೊಡ್ಡ ದೊಡ್ಡ ಮುಖಗಳು ಕಣ್ಣರಳಿಸಿ ಒರಗಿದ್ದವು. ಮಂಗಳಕ್ಕ ಒಂದರ ಕೆನ್ನೆಯನ್ನು ಒದ್ದೆ ಬೆರಳಿಂದ ಉಜ್ಜಿ ನೋಡಿದರು, ಏನೂ ಅಂಟಲಿಲ್ಲ. ಸೊಸೆಯ ಕೈಯಲ್ಲಿ ಮಾವನಿಗೆ ಫೋನ್ ಮಾಡಿಸಿ ಒಂದೇ ಮಾತು ಹೇಳಿದರು. "ಅಣ್ಣಾ, ನೀವು ಮಾಡಿದ ಮುಖವನ್ನ ಯಾರೋ ಕೆರೆದು ಹಾಕಿದಾರೆ. ನಾಕು ಗಂಟೆಗೆ ನಂಜುಂಡಪ್ಪನವರ ಮನೆಗೆ ಬನ್ನಿ."

ನಾಲ್ಕು ಗಂಟೆಗೆ ಆ ಹಜಾರದಲ್ಲಿ ಚಕ್ಕಲಿ ತಟ್ಟೆಗಳ ನಡುವೆ ಎಲ್ಲರೂ ಕೂತಿದ್ದರು. ಕಿತಮುರ ಅರವತ್ತು ದಾಟಿದ, ಸಣ್ಣ ಮೈಕಟ್ಟಿನ ಮನುಷ್ಯ. ಬಂದವರೇ ಹೊಸಿಲಿನಾಚೆ ನಿಂತಿದ್ದ ಭೀಮಕ್ಕನಿಗೆ ಬಾಗಿ ನಮಸ್ಕರಿಸಿ, "ಭೀಮಕ್ಕ, ಚೆನ್ನಾಗಿ ಇದ್ದೀರಾ? ಊಟ ಆಯ್ತಾ?" ಅಂದರು. ಆಕೆ ಯಾಕೆ ಹೊರಗೆ ನಿಂತಿದ್ದಾಳೆ ಎಂದು ಅವರಿಗೆ ತಿಳಿಯಲಿಲ್ಲ. ಮಂಗಳಕ್ಕ ಒಂದು ಕುರ್ಚಿ ಎಳೆದು, "ಬಾ ಭೀಮಕ್ಕ, ಕೂತ್ಕೋ" ಅಂದರು. ನಂಜುಂಡಪ್ಪನವರು ಬಾಯಿ ತೆರೆದವರು ಅತಿಥಿಯ ಮುಖ ನೋಡಿ ಮುಚ್ಚಿದರು. ಭೀಮಕ್ಕ ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲಂತೆ.

ಮಂಗಳಕ್ಕ ಗೊಂಬೆಯನ್ನು ಟೀಪಾಯಿಯ ಮೇಲಿಟ್ಟರು. ಕಿತಮುರ ನೋಡಿದರು, ಹತ್ತಿರ ಬಂದರು, ಕನ್ನಡಕ ತೆಗೆದು ಮತ್ತೆ ನೋಡಿದರು.

"ಇದು ನನ್ನ ತಾತ ಅಲ್ಲ," ಅಂದರು ನಿಧಾನವಾಗಿ.

"ಅವರ ಕೆಲಸ ಅಲ್ಲ," ಅಂತ ತಿದ್ದಿದರು ಮಂಗಳಕ್ಕ. "ಹೌದು, ಅಲ್ಲ. ಅದನ್ನ ಗುರುವಾರವೇ ಕಂಡುಹಿಡಿದದ್ದು ಭೀಮಕ್ಕ. ಮುಖದ ಕಳೆ ಹೋಗಿದೆ ಅಂದಳು. ಒಂದೂವರೆ ವರ್ಷ ದಿನಾ ಧೂಳು ಹೊಡೆದವಳ ಕಣ್ಣು ಅದು. ಈ ಮನೆಯ ಮೂರು ಜನದ ಮುಂದೆ ಅಂದಳು. ಮಾರನೇ ದಿನವೇ ಇದರ ಮುಖ ಹೋಯ್ತು."

"ಏನ್ರೀ ಹೇಳ್ತಿದೀರಿ? ನಾನೇ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದು," ಅಂದರು ನಂಜುಂಡಪ್ಪ.

"ತೆಗೆದಿರಿ. ಪೆಟ್ಟಿಗೆ ಅದೇ, ಒಳಗಿನದು ಬೇರೆ. ಒಂದೊಂದಾಗಿ ನೋಡಿ. ನಿಜವಾದ ಗೊಂಬೆಯ ಕಣ್ಣು ಗಾಜಿನದು, ಮುಖದ ಒಳಗಡೆಯಿಂದ ಕೂರಿಸಿದ್ದು. ಎಷ್ಟು ಕೆರೆದರೂ ಕಣ್ಣಿನ ಗುಳಿ ಉಳೀಬೇಕಿತ್ತು. ಇಲ್ಲಿ ಗುಳಿಯೇ ಇಲ್ಲ, ಮರ ಮಟ್ಟಸ. ಕಣ್ಣು ಬರೆದದ್ದು, ಬಣ್ಣದ ಜೊತೆ ಹೋಯ್ತು. ಎರಡನೇದು ಬೆನ್ನು. ನಿಜವಾದದ್ದಕ್ಕೆ ಬೆನ್ನ ಮೇಲೆ ಕೆಂಪು ಹುರಿಯ ಗಂಟು, ಕುಚ್ಚು ಇದೆ. ಹೌದಾ, ಸಾರ್?"

ಕಿತಮುರ ಎರಡೂ ಕೈಯ ಬೆರಳುಗಳಿಂದ ಗಾಳಿಯಲ್ಲಿ ಒಂದು ಚಿಟ್ಟೆ ಮಾಡಿ ತೋರಿಸಿದರು. "ಹೌದು. ಅದು ಅಜ್ಜಿ ಕಟ್ಟಿದ್ದು."

"ಇದರ ಬೆನ್ನು ಬೋಳು. ಯಾಕೆ? ಮಾಡಿದವನು ಗೊಂಬೆಯನ್ನೇ ನೋಡಿಲ್ಲ, ಮುಂದಿನಿಂದ ತೆಗೆದ ಫೋಟೋ ನೋಡಿದಾನೆ. ಅಂದರೆ ಈ ನಕಲು ಮಾಡಿಸೋ ಹೊತ್ತಿಗೆ ಅಸಲು ಈ ಮನೇಲಿ ಇರಲೇ ಇಲ್ಲ. ಯುಗಾದಿಯಿಂದ ಅಟ್ಟದ ಮೇಲೆ ಇದ್ದದ್ದು ಖಾಲಿ ಪೆಟ್ಟಿಗೆ."

ಶಿವರುದ್ರಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಮೂರನೇದು ಹೊಟ್ಟೆ. ಸಾರ್, ನಿಮ್ಮ ಕಡೆ ಗೊಂಬೆಯ ಮೈ ಯಾವುದರಿಂದ ಕಟ್ತಾರೆ?"

"ಭತ್ತದ ಹುಲ್ಲು. ಗಟ್ಟಿ ಕಟ್ಟು."

"ಇದರೊಳಗೆ ತೆಂಗಿನ ನಾರು. ಬೀರುವಿನ ತಳದಲ್ಲೂ ಎರಡು ಎಳೆ ಬಿದ್ದಿತ್ತು. ನಮ್ಮೂರಲ್ಲಿ ನಾರು ಯಾರ ಕಣ್ಣಿಗೂ ಬೀಳಲ್ಲ, ಕೋಮಲಾ ಬಿಸಾಡಕ್ಕೆ ಹೊರಟಿದ್ದಳು. ನಾರಿನ ನಡುವೆ ಇದಿತ್ತು." ಅರಿಸಿನದ ಕೊಂಬನ್ನು ಟೀಪಾಯಿಯ ಮೇಲಿಟ್ಟರು. "ಜಪಾನಿನಲ್ಲಿ ಯಾರೂ ಇದನ್ನ ಕಟ್ಟಿಡಲ್ಲ."

"ಸರಿ, ನಕಲು ಅಂತಲೇ ಇಟ್ಕೊಳ್ಳೋಣ," ಅಂದರು ಸೂರ್ಯಪ್ರಕಾಶ್. ದನಿ ಇನ್ನೂ ಮೆತ್ತಗೇ ಇತ್ತು. "ಹಾಗಾದ್ರೆ ಅಸಲು ಕದ್ದವರೂ ಆಕೆಯೇ ಇರಬಹುದಲ್ಲ. ನಾವು ಯಾರನ್ನೂ ದೂರೋದು ಬೇಡ, ಮೇಡಂ."

ನಾನು ಎದ್ದು ನಿಂತೆ. ಮಂಗಳಕ್ಕ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು.

"ದೂರೋದು ಬೇಡ, ಲೆಕ್ಕ ಹಾಕೋಣ. ಬೆಳಿಗ್ಗೆ ನೀವೊಂದು ಮಾತು ಅಂದಿರಿ. ಒದ್ದೆ ಬಟ್ಟೇಲಿ ಒರೆಸಿದಾಳೆ, ಚಿಪ್ಪಿನ ಬಣ್ಣ ಕರಗಿದೆ ಅಂತ. ಅಸಲು ಗೊಂಬೆಗೆ ಆ ಮಾತು ಸರಿಯಾಗಿ ಹೊಂದುತ್ತೆ. ಆದರೆ ನಿಮ್ಮ ಕೈಲಿದ್ದದ್ದು ಇದು." ಅವರು ನೀರಿನ ಲೋಟದಲ್ಲಿ ಬೆರಳದ್ದಿ ಗೊಂಬೆಯ ಕೊರಳನ್ನು ಉಜ್ಜಿ ಬೆರಳು ತೋರಿಸಿದರು. ಒಂದು ಚುಕ್ಕೆ ಬಿಳಿಯೂ ಇರಲಿಲ್ಲ. "ಇದು ಎನಾಮೆಲ್ ಪೇಂಟು. ನೀರಿಗೆ ಹೋಗಲ್ಲ. ಮರಗೆಲಸದ ಉಪ್ಪುಕಾಗದದಲ್ಲಿ ಉಜ್ಜಿದ್ದು, ಗೀರು ನೋಡಿ. ಇಷ್ಟು ಗೀರು ಕಣ್ಣ ಮುಂದೆ ಇದ್ದರೂ ನೀರು ಅಂದಿರಿ. ಸುಳ್ಳನ್ನ ಮೊದಲೇ ಹೊಲಿದಿಟ್ಟಿದ್ರಿ, ಬೇರೆ ಗೊಂಬೆಯ ಅಳತೆಗೆ."

ಸೂರ್ಯಪ್ರಕಾಶ್ ಕೈಯಲ್ಲಿದ್ದ ಚಕ್ಕಲಿಯನ್ನು ತಟ್ಟೆಗೆ ವಾಪಸ್ ಇಟ್ಟರು.

"ಆಮೇಲೆ ಕೆರೆ. ಮಾವ ಬೈತಿದ್ರು, ಅತ್ತೆಗೆ ಗೊಂಬೆ ಬೇಡವಾಗಿತ್ತು, ಆದರೆ ಕೆರೆಗೆ ಬಿಡೋಣ ಅಂತ ನೆನಪಾಗಿದ್ದು ನಿಮಗೆ. ಅತಿಥಿ ಬರೋ ಮುಂಚೆ. ಕಿತಮುರ ಸಾರ್ ಒಂದು ಸಲ ಗೊಂಬೆಯ ಬೆನ್ನು ತಿರುಗಿಸಿ ನೋಡಿದ್ರೆ ಮುಗೀತು ಅಂತ ನಿಮಗೆ ಗೊತ್ತಿತ್ತು. ಕೊನೇದು ಕಾಲ. ಸಾರ್, ನೀವು ಬರೋ ವಿಷಯ ಯಾವಾಗ ಬರೆದಿರಿ?"

"ಒಂದು ತಿಂಗಳು," ಅಂದರು ಕಿತಮುರ. "ಕಾರ್ಖಾನೆಗೆ. ಸೂರ್ಯ-ಸಾನ್‌ಗೆ" ಎಂದು ಸೂರ್ಯಪ್ರಕಾಶ್ ಕಡೆ ಕೈ ತೋರಿಸಿದರು.

"ಮನೆಯವರಿಗೆ ಗೊತ್ತಾದದ್ದು ಎಂಟು ದಿನದ ಹಿಂದೆ. ಇಂಥದೊಂದು ಗೊಂಬೆ ಎಂಟು ದಿನಕ್ಕೆ ಆಗುತ್ತಾ ಅಂತ ಮಾಡಿದವರನ್ನೇ ಕೇಳೋಣ."

ರೇವಣಸಿದ್ದಯ್ಯ ಆಗಲೇ ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲೆ ವಲ್ಲಿ, ಉಗುರಲ್ಲಿ ಬಣ್ಣ. ಅವರು ಯಾರನ್ನೂ ಮಾತಾಡಿಸದೆ ನೇರ ಟೀಪಾಯಿಗೆ ಬಂದು, ಬೋಳು ಮರದ ಮೇಲೆ ಹೆಬ್ಬೆರಳಾಡಿಸಿದರು.

"ಎಂಟು ದಿನದಾಗೆ ಬಣ್ಣ ಒಣಗಾಕಿಲ್ಲ," ಅಂದರು. "ಹದಿನೆಂಟು ದಿನ ಹಿಡೀತು. ಈ ಕವಚದ ಹೆಣಿಗೆಗೇ ಒಂದು ವಾರ. ಹಿಂಗೆ ಬಿಲ್ಲೆ ಪೋಣಿಸೋದು ನಮಗೆ ಗೊತ್ತಿರ್ಲಿಲ್ಲ, ಮೂರು ಸಲ ಬಿಚ್ಚಿ ಕಟ್ಟಿದೀನಿ. ಸ್ಕೂಲಿನ ಮಕ್ಕಳ ಪ್ರದರ್ಶನಕ್ಕೆ ಅಂದ್ರು ಇವರು." ಸೂರ್ಯಪ್ರಕಾಶ್ ಕಡೆ ತಿರುಗಿದರು. "ಮಕ್ಕಳು ನೋಡ್ತಾರೆ ಅಂತ ಮಾಡಿದ್ದು ಕಣಪ್ಪ. ಬೇಡ ಅನ್ನಿಸಿದ್ರೆ ನನಗೆ ವಾಪಸ್ ಕೊಡಬಹುದಿತ್ತು. ಕಣ್ಣು ಬಿಡಿಸಿದ ಮುಖನ ಕೆರೀತಾರೇನಪ್ಪ?"

ಆಮೇಲೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಬೆಂಗಳೂರಿನಲ್ಲಿ ಕಾರ್ಖಾನೆಯ ದೊಡ್ಡ ಸಾಹೇಬರ ಹೊಸ ಮನೆ ಗೃಹಪ್ರವೇಶ ಯುಗಾದಿ ಕಳೆದು ವಾರಕ್ಕೆ. ಅವರಿಗೆ ಹಳೇ ಕಾಲದ ವಸ್ತುಗಳ ಹುಚ್ಚು. ಉಡುಗೊರೆಯಾಗಿ ಹೋದ ಅಸಲು ಈಗ ಅಲ್ಲಿ ಷೋಕೇಸಿನಲ್ಲಿದೆ. ಮರುತಿಂಗಳೇ ಸೂರ್ಯಪ್ರಕಾಶ್ ಡೆಪ್ಯುಟಿ ಮ್ಯಾನೇಜರ್ ಆದರು. ಇದನ್ನು ಅವರೇ ತಲೆ ತಗ್ಗಿಸಿ ಹೇಳಿದರು. "ಅಟ್ಟದಲ್ಲಿ ಮರೆತು ಬಿದ್ದಿತ್ತು, ಯಾರಿಗೂ ಬೇಡವಾಗಿತ್ತು ಅಂದ್ಕೊಂಡೆ" ಎಂದೂ ಸೇರಿಸಿದರು.

"ನಮ್ಮ ಜುಂಜಂಗೆ ಬೇಕಿತ್ತು," ಅಂದಳು ಭೀಮಕ್ಕ.

ಕಿತಮುರ ಕನ್ನಡಕ ಹಾಕಿಕೊಂಡರು. ಅವರ ಕಿವಿ ಕೆಂಪಗಾಗಿತ್ತು. ಸೋಮವಾರ ತಾವೇ ಬೆಂಗಳೂರಿಗೆ ಹೋಗಿ ಗೊಂಬೆಯನ್ನು ತಂದು ಮಗುವಿನ ಕೈಗೆ ಕೊಡುವುದಾಗಿಯೂ, ಸೂರ್ಯ-ಸಾನ್ ಜೊತೆಗೆ ಬಂದು ದೊಡ್ಡ ಸಾಹೇಬರ ಮುಂದೆ ನಡೆದದ್ದನ್ನು ತಮ್ಮ ಬಾಯಿಂದಲೇ ಒಪ್ಪಿಕೊಳ್ಳಬೇಕೆಂದೂ ಹೇಳಿದರು. ಆಮೇಲೆ ನಕಲು ಗೊಂಬೆಯ ಕವಚವನ್ನು ಸಾಲು ಸಾಲಾಗಿ ಮುಟ್ಟಿ ನೋಡಿ ರೇವಣಸಿದ್ದಯ್ಯನವರನ್ನು ಕೇಳಿದರು. "ಒಂದು ಫೋಟೋ ಮಾತ್ರ ನೋಡಿ?"

"ಒಂದೇ. ಅದೂ ಫೋನಿನಾಗೆ."

ಕಿತಮುರ ಎದ್ದು ಅವರಿಗೆ ಬಾಗಿ ನಮಸ್ಕರಿಸಿದರು. ಏನು ಮಾಡಬೇಕೆಂದು ತೋಚದೆ ರೇವಣಸಿದ್ದಯ್ಯ ವಲ್ಲಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ನಂಜುಂಡಪ್ಪನವರು ಗಂಟಲು ಸರಿಮಾಡಿಕೊಂಡರು. "ಆಯ್ತು, ಆಗಿದ್ದು ಆಗೋಯ್ತು. ಮನೆ ವಿಚಾರ ಮನೇಲೇ ಇರ್ಲಿ. ಭೀಮಕ್ಕ, ನೀನೂ ಮನಸಲ್ಲಿ ಇಟ್ಕೋಬೇಡ, ಬುಟ್ಬುಡು. ಸೋಮವಾರದಿಂದ ಇಲ್ಲಿಗೇ ಬಾ ಕೆಲಸಕ್ಕೆ."

ಭೀಮಕ್ಕ ಕುರ್ಚಿಯಿಂದ ಏಳಲಿಲ್ಲ.

"ನಂಗೆ ಈ ಮನೆ ಕೆಲಸ ಬ್ಯಾಡ, ಯಜಮಾನ್ರೇ. ವಾರ್ಡನ್ನಿಗೆ ಫೋನ್ ಮಾಡಿ."

"ಮಾಡ್ತೀನಿ, ನಾಳೆ ಬೆಳಿಗ್ಗೆ."

"ಈಗ. ಎಲ್ಲಾರ್ಗೂ ಕೇಳಂಗೆ ಇಕ್ಕಿ."

ಅವರು ಹೆಂಡತಿಯ ಕಡೆ ನೋಡಿದರು. ಶಿವರುದ್ರಮ್ಮ ಫೋನ್ ತಂದು ಗಂಡನ ಕೈಗೆ ಕೊಟ್ಟು, "ಮಾಡ್ರೀ" ಅಂದರು. ಸ್ಪೀಕರಿನಲ್ಲಿ ಗಂಟೆ ಬಡಿಯಿತು. ವಾರ್ಡನ್ ಎತ್ತಿಕೊಂಡರು.

"ನಮಸ್ಕಾರ, ನಾನು ಮಂಡಿ ನಂಜುಂಡಪ್ಪ. ಬೆಳಿಗ್ಗೆ ಆ ಭೀಮಕ್ಕನ ವಿಷಯ ಹೇಳಿದ್ದೆನಲ್ಲ. ಅದೇನೋ ಒಂದು ತಪ್ಪು ತಿಳುವಳಿಕೆ ಆಗಿತ್ತು..."

"ತಪ್ಪು ತಿಳುವಳಿಕೆ ಅಲ್ಲ," ಅಂದಳು ಭೀಮಕ್ಕ. ದನಿ ಏರಿಸಲಿಲ್ಲ. "ಸುಳ್ಳು ಅನ್ನಿ."

ಆ ಕಡೆಯಿಂದ ವಾರ್ಡನ್ "ಹಲೋ, ಹಲೋ" ಅನ್ನುತ್ತಿದ್ದರು.

"ನಾನು ಹೇಳಿದ್ದು ಸುಳ್ಳು," ಅಂದರು ನಂಜುಂಡಪ್ಪನವರು.

"ನನ್ನ ಕೈ ಬಗ್ಗೆನೂ."

"ಅವಳ ಕೈ ಬಗ್ಗೆ..." ಅವರು ತಡೆದು, ಮತ್ತೆ ಶುರುಮಾಡಿದರು. "ಅವರ ಕೈ ಬಗ್ಗೆ ಹೇಳಿದ್ದೂ ಸುಳ್ಳು. ಅವರನ್ನ ಸೋಮವಾರ ಕರ್ಕೊಳ್ಳಿ."

"ಹಂಗಾದ್ರೆ ಐದೂವರೆಗೇ ಬರಕ್ಕೆ ಹೇಳಿ, ಇಡ್ಲಿ ಹಾಕಬೇಕು" ಅಂದರು ವಾರ್ಡನ್.

"ಬತ್ತೀನಿ," ಅಂದಳು ಭೀಮಕ್ಕ ಫೋನಿನ ಕಡೆಗೆ ಬಗ್ಗಿ. ಎದ್ದು ಸೆರಗು ಸರಿಮಾಡಿಕೊಂಡು, ಮುಂಬಾಗಿಲಿನಿಂದಲೇ ಇಳಿದು ಹೋದಳು.